ಪಾದ್ರಿಯ ಮನೆಯ ‘ಪ್ರಕ್ಷಿಪ್ತ’ ಭಾಗ

ಕಳೆದ ತಿಂಗಳು ನಮ್ಮ ಕಾಲೇಜಿನ ಸಾಹಿತ್ಯ ಸಂಘದಲ್ಲಿ ಇಂಗ್ಲಿಷ್ ವಿಭಾಗದ ನನ್ನ ಹಿರಿಯ ಮಿತ್ರರೊಬ್ಬರು ತಮ್ಮ ಇಂಗ್ಲೆಂಡ್ ಪ್ರವಾಸವನ್ನು ಕುರಿತು ಮಾತನಾಡಿದರು. ಮಾತು ಸೊಗಸಾಗಿತ್ತು. ಯಾರ್ಕ್‌ಷೈರಿನ ಹಾವರ್ತ್ ಗ್ರಾಮದಲ್ಲಿ ಬ್ರಾಂಟೆ ಸೋದರಿಯರು ಬಾಳಿದ ಪಾದ್ರಿಯ ಮನೆಯ ಚಿತ್ರಗಳನ್ನು ಒಂದೊಂದಾಗಿ ತೆರೆಯ ಮೇಲೆ ತೋರಿಸುತ್ತ, ಇಗೋ ಎಮಿಲಿ ಓಡಾಡಿದ ಊಟದ ಕೋಣೆ, ಇಗೋ ಆಕೆ ಹಿಟ್ಟು ನಾದಿದ ಅಡುಗೆಮನೆ ಎಂದು ವರ್ಣಿಸುತ್ತ ಹೋದಾಗ ಹುಡುಗರು ಉಸಿರು ಬಿಗಿಹಿಡಿದು ಕೇಳಿದರು. ಕೊನೆಯಲ್ಲಿ ಮನೆಯ ಮುಂಭಾಗದ ಚಿತ್ರ ಬಂತು. ಮಿತ್ರರ ಸ್ವರ ಬದಲಾಯಿತು. “ಈ ಅಂದವಾದ ಮನೆಯ ಬಲಗಡೆ ಕುರುವಿನ ಹಾಗೆ ಒಂದು ರೆಕ್ಕೆ ಅಂಟಿಕೊಂಡಿದೆ, ನೋಡಿ. ಬ್ರಾಂಟೆಯವರ ತರುವಾಯ ಬಂದ ರಸಹೀನನೊಬ್ಬ ಪಾದ್ರಿಯ ಕೆಲಸ ಇದು. ಇದನ್ನು ಕೆಡವಿಬಿಟ್ಟರೆ ಮನೆ ಮತ್ತೆ ಮೊದಲಿನ ಮನೆಯಾಗುತ್ತದೆ” ಎಂದರು. ಚಪ್ಪಾಳೆ ಬಿತ್ತು.

ಅಂದು ವಂದನಾರ್ಪಣೆಯ ಭಾರ ನನ್ನ ಮೇಲಿತ್ತು. ವಂದಿಸುವವನು ವಾದಿಸಬಾರದು. ಆದುದರಿಂದ ಅಲ್ಲಿ ನುಂಗಿಕೊಂಡ ಮಾತನ್ನು ಇಲ್ಲಿ ವಾಚಕರ ಮುಂದೆ ಇಡುತ್ತಿದ್ದೇನೆ. ಮಿತ್ರರು ಸಹೃದಯರು, ನನ್ನ ಮೇಲೆ ಮುನಿಯಲಾರರೆಂಬ ಧೈರ್ಯ ನನಗಿದೆ. ಮುನಿದರೂ ಅವರ ತಪ್ಪು ತಪ್ಪೇ.

ಈ ವಿಷಯದಲ್ಲಿ ಕನ್ನಡ ಮೇಷ್ಟರ ಅಧಿಕಾರವೇನು ಎಂದು ಯಾರಾದರೂ ಕೇಳಬಹುದು. ನಾನು ವಾಸ್ತುಶಿಲ್ಪದ ಪಂಡಿತನಲ್ಲ. ಮೂರು ವರ್ಷಗಳ ಹಿಂದೆ ಲೀಡ್ಸ್ ನಗರದಲ್ಲಿರುವ ಬಂಧುಗಳ ಮನೆಗೆ ಹೋಗಿದ್ದಾಗ ಎರಡು ದಿನ ಹಾವರ್ತಿನಲ್ಲಿ ಕಳೆದೆ. ಒಂದು ದಿನ ಮನೆಯ ಒಳಗೆ, ಒಂದು ದಿನ ಮನೆಯ ಹೊರಗೆ. ಜೊತೆಗೆ, ಎಂ.ಎ. ತರಗತಿಗೆ ಹಲವು ವರ್ಷ ಗ್ರಂಥಸಂಪಾದನೆಯನ್ನು ಪಾಠ ಹೇಳಿದವನು. ಓಲೆಗರಿಯಲ್ಲಿ ಯಾವುದು ಮೂಲ, ಯಾವುದು ಲಿಪಿಕಾರನ ಕೈವಾಡ, ಯಾವ ಪದ್ಯ ಪ್ರಕ್ಷಿಪ್ತ ಎಂದು ವಿಂಗಡಿಸುವ ವಿದ್ಯೆ ಅದು. ಡಿ. ಎಲ್. ನರಸಿಂಹಾಚಾರ್ಯರ ಪುಸ್ತಕವನ್ನು ಮುಂದಿಟ್ಟುಕೊಂಡು ಆ ವಿದ್ಯೆಯನ್ನು ಹೇಳಿಕೊಟ್ಟವನಿಗೆ ಮಿತ್ರರ ಮನಸ್ಸು ಎಲ್ಲಿ ಎಡವಿತೆಂಬುದು ಕೂಡಲೆ ಹೊಳೆಯಿತು. ಅವರು ಮನೆಯನ್ನು ಒಂದು ಕಾವ್ಯದಂತೆ ಓದಿದರು. ಕಾವ್ಯಕ್ಕಾದರೆ ಒಬ್ಬ ಕವಿ, ಒಂದು ಮೂಲಪಾಠ. ಉಳಿದದ್ದನ್ನು ಕಂಸದಲ್ಲಿಟ್ಟು ಅಡಿಟಿಪ್ಪಣಿಗೆ ಇಳಿಸಬಹುದು. ಮನೆಗೆ ಯಾವ ಕವಿ? ಯಾವ ಮೂಲಪಾಠ?

ಮೊದಲು ಪಾದ್ರಿಯ ಮನೆ ಎಂದರೇನೆಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ, ಏಕೆಂದರೆ ಇಂಗ್ಲಿಷ್ ಕಾದಂಬರಿಗಳನ್ನು ಓದಿ ಬೆಳೆದ ನಮಗೆ ಅದರ ಬಳ್ಳಿ, ಹೂದೋಟ, ಚಹದ ಮೇಜು ಗೊತ್ತೇ ಹೊರತು ಅದರ ಕಾಗದಪತ್ರ ಗೊತ್ತಿಲ್ಲ. ಊರಿನ ದೊಡ್ಡ ದಶಾಂಶ ಯಾರಿಗೆ ಸಲ್ಲುತ್ತಿತ್ತೋ ಅವನು ರೆಕ್ಟರ್. ಚಿಕ್ಕ ದಶಾಂಶ ಮಾತ್ರ ಸಲ್ಲುತ್ತಿದ್ದವನು ವಿಕಾರ್. ಎರಡೂ ಇಲ್ಲದೆ ಗೊತ್ತಾದ ಸಂಬಳದ ಮೇಲೆ ಇದ್ದವನು ಪರ್ಪೆಚುಯಲ್ ಕ್ಯುರೇಟ್. ಹಾವರ್ತಿಗೆ 1820ರಲ್ಲಿ ಬಂದ ಪ್ಯಾಟ್ರಿಕ್ ಬ್ರಾಂಟೆ ಈ ಮೂರನೆಯ ಜಾತಿಯವನು. ಆದ್ದರಿಂದ ಅವನ ಮನೆಯನ್ನು ವಿಕಾರೇಜ್ ಎನ್ನದೆ ಪಾರ್ಸನೇಜ್ ಎನ್ನುತ್ತಾರೆ. ಹೆಸರು ಯಾವುದಾದರೂ ಆಗಲಿ, ಎಲ್ಲಕ್ಕೂ ಸಮಾನವಾದ ಧರ್ಮ ಒಂದುಂಟು: ಮನೆ ಹುದ್ದೆಗೆ ಸೇರಿದ್ದು, ಮನುಷ್ಯನಿಗಲ್ಲ. ಪಾದ್ರಿ ಕಣ್ಣು ಮುಚ್ಚಿದರೆ ಹೆಂಡತಿ ಮಕ್ಕಳು ಗಂಟುಮೂಟೆ ಕಟ್ಟಬೇಕು.

ಮಿತ್ರರ ಉಪನ್ಯಾಸದಲ್ಲಿ ಈ ಮಾತು ಬರಲೇ ಇಲ್ಲ. ಬ್ರಾಂಟೆ ಸೋದರಿಯರ ಬಾಳಿನಲ್ಲಿ ಹೊಯಿಗಾಡಿನ ಗಾಳಿಗಿಂತ ಹೆಚ್ಚು ಜೋರಾಗಿ ಬೀಸುತ್ತಿದ್ದುದು ಈ ಭಯ. ತಂದೆಗೆ ವಯಸ್ಸಾಗುತ್ತಿತ್ತು, ಕಣ್ಣಿಗೆ ಪೊರೆ ಬಂದು 1846ರಲ್ಲಿ ಮ್ಯಾಂಚೆಸ್ಟರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆತ ಹೋದ ದಿನ ತಲೆಯ ಮೇಲಿನ ಸೂರೂ ಹೋಗುತ್ತದೆ. ಆ ಹೆಣ್ಣುಮಕ್ಕಳು ಪರರ ಮನೆಯಲ್ಲಿ ಗವರ್ನೆಸ್ ಕೆಲಸಕ್ಕೆ ಹೋದುದು, ಮನೆಯಲ್ಲೇ ಶಾಲೆ ತೆರೆಯಲು ಹವಣಿಸಿದುದು, ಗಂಡಸಿನ ಹೆಸರಿಟ್ಟುಕೊಂಡು ಪುಸ್ತಕ ಅಚ್ಚು ಹಾಕಿಸಿದುದು, ಇವೆಲ್ಲದರ ಹಿಂದೆ ಈ ಲೆಕ್ಕಾಚಾರವೂ ಇತ್ತು. ವಿಧಿಯ ಆಟ ನೋಡಿ: ಬ್ರಾನ್‌ವೆಲ್ ಮತ್ತು ಎಮಿಲಿ 1848ರಲ್ಲಿ, ಆನ್ 1849ರಲ್ಲಿ, ಷಾರ್ಲೆಟ್ 1855ರಲ್ಲಿ ತೀರಿಕೊಂಡರು. ಆರು ಮಕ್ಕಳನ್ನೂ ಮಣ್ಣಿಗೆ ಕೊಟ್ಟ ಮುದುಕ 1861ರವರೆಗೆ ಅದೇ ಮನೆಯಲ್ಲಿ ಬದುಕಿದ. ಆತ ಸತ್ತಾಗ ಗಂಟುಮೂಟೆ ಕಟ್ಟಿದವನು ಅಳಿಯ, ಆರ್ಥರ್ ಬೆಲ್ ನಿಕೋಲ್ಸ್. ವರ್ಷಗಟ್ಟಲೆ ಅಲ್ಲಿ ದುಡಿದಿದ್ದರೂ ಹುದ್ದೆ ಅವನಿಗೆ ಸಿಕ್ಕಲಿಲ್ಲ. ಟ್ರಸ್ಟಿಗಳು ಜಾನ್ ವೇಡ್ ಎಂಬಾತನನ್ನು ಆರಿಸಿದರು. ಮನೆಯ ಸಾಮಾನು ಹರಾಜಾಯಿತು. ನಿಕೋಲ್ಸ್ ಐರ್ಲೆಂಡಿಗೆ ಹಿಂದಿರುಗಿದ.

ಈ ಜಾನ್ ವೇಡನೇ ನಮ್ಮ ಮಿತ್ರರ ಖಳನಾಯಕ.

ಇನ್ನು ಮನೆಯ ವಿಷಯ. ಹಳೆಯ ಪಾದ್ರಿಮನೆಯೊಂದರ ಚರಿತ್ರೆಯನ್ನು ಸಮೀಕ್ಷೆ ಮಾಡುವವರು ಹೇಗೆ ಹೊರಡುತ್ತಾರೆಂಬುದನ್ನು ತಿಳಿದರೆ ನಮ್ಮ ಸಾಹಿತ್ಯಯಾತ್ರಿಕರಿಗೆ ಎಷ್ಟೋ ಉಪಕಾರವಾದೀತು. ಅವರು ಮುಂಬಾಗಿಲಿಗೆ ಹೋಗಿ ಮೈಮರೆತು ನಿಲ್ಲುವುದಿಲ್ಲ. ಗೋಡೆಯ ಸುತ್ತ ನಡೆಯುತ್ತಾರೆ. ಕಲ್ಲಿನ ವರಸೆಗಳು ಒಂದರೊಳಗೊಂದು ಹೆಣೆದುಕೊಳ್ಳದೆ ಮೇಲಿಂದ ಕೆಳಕ್ಕೆ ನೇರವಾಗಿ ಒಂದು ಗೆರೆ ಬಿದ್ದಿದ್ದರೆ ಅಲ್ಲಿ ಎರಡು ಕಾಲಗಳು ಸೇರಿವೆ ಎಂದು ಅರ್ಥ. ಕಿಟಕಿಯ ಗಾಜು ಸಣ್ಣ ಚೌಕಗಳದ್ದೋ, ಅಗಲ ಹಾಳೆಯದ್ದೋ ಎಂದು ನೋಡುತ್ತಾರೆ. 1845ರಲ್ಲಿ ಗಾಜಿನ ಸುಂಕ, 1851ರಲ್ಲಿ ಕಿಟಕಿಯ ತೆರಿಗೆ ರದ್ದಾದ ಮೇಲೆ ದೊಡ್ಡ ಗಾಜು ಅಗ್ಗವಾಯಿತು. ಅಟ್ಟಕ್ಕೆ ಹತ್ತಿ ತೊಲೆಯ ಮೇಲಿನ ಗರಗಸದ ಗುರುತು ನೋಡುತ್ತಾರೆ: ಕೈಗರಗಸದ ಗೀರು ನೇರ, ಯಂತ್ರದ ಚಕ್ರಗರಗಸದ ಗೀರು ಕಮಾನಿನಂತೆ ಬಾಗಿದ್ದು. ಬಣ್ಣದ ಚಕ್ಕೆಯೊಂದನ್ನು ಎತ್ತಿ ಸೂಕ್ಷ್ಮದರ್ಶಕದ ಕೆಳಗಿಟ್ಟು ಪದರಗಳನ್ನು ಎಣಿಸುತ್ತಾರೆ. ಇದೆಲ್ಲ ಆದಮೇಲೆ ದಫ್ತರಕ್ಕೆ ಹೋಗುತ್ತಾರೆ.

ಆ ದಫ್ತರವೂ ಬಲು ಸೊಗಸು. 1776ರ ಗಿಲ್ಬರ್ಟ್ ಕಾಯಿದೆಯ ಪ್ರಕಾರ ಪಾದ್ರಿಯು ತನ್ನ ಹುದ್ದೆಯ ಮುಂದಿನ ಉತ್ಪನ್ನವನ್ನು ಅಡವಿಟ್ಟು ಸಾಲ ತೆಗೆದು ಮನೆ ಕಟ್ಟಬಹುದಾಗಿತ್ತು. 1704ರಲ್ಲಿ ಸ್ಥಾಪಿತವಾದ ‘ರಾಣಿ ಆನಳ ದತ್ತಿ’ ಎಂಬ ನಿಧಿಯಿಂದ ಸಾಲ ದೊರೆಯುತ್ತಿತ್ತು. ಸಾಲ ಬೇಕಾದರೆ ನಕ್ಷೆ, ಅಂದಾಜುಪಟ್ಟಿ, ಕೆಲಸದ ವಿವರಗಳನ್ನು ಬಿಷಪ್ಪನ ಕಚೇರಿಗೆ ಒಪ್ಪಿಸಬೇಕು. ಅದರ ಫಲವಾಗಿ ಇಂದಿಗೂ ಎಷ್ಟೋ ಸಾಮಾನ್ಯ ಪಾದ್ರಿಮನೆಗಳ ನಕ್ಷೆಗಳು ಆಯಾ ಡಯೋಸಿಸ್ಸಿನ ದಾಖಲೆಗಳಲ್ಲಿ ದೊರೆಯುತ್ತವೆ. ಅರಮನೆಗಳಿಗೆ ಇಲ್ಲದ ಭಾಗ್ಯ! 1836ರ ಕಾಯಿದೆಯಿಂದ ದಶಾಂಶವನ್ನು ಹಣವಾಗಿ ಪರಿವರ್ತಿಸಿದಾಗ ಊರೂರಿಗೆ ನಕ್ಷೆಗಳು ತಯಾರಾದವು. 1841ರಿಂದ ಮುಂದಿನ ಜನಗಣತಿಯ ಹಾಳೆಗಳಲ್ಲಿ ಆ ಮನೆಯಲ್ಲಿ ಯಾರು ಮಲಗುತ್ತಿದ್ದರೆಂಬುದೂ, ಆಳುಗಳ ಹೆಸರು ವಯಸ್ಸು ಸಮೇತ, ಸಿಕ್ಕುತ್ತದೆ.

ಹೀಗಿದ್ದರೂ ವಾಸ್ತುಚರಿತ್ರೆಯ ಪುಸ್ತಕಗಳನ್ನು ತೆರೆದರೆ ಅಲ್ಲಿಯೂ ಹೆಸರಿನ ಮೋಹವೇ. ವಿಲಿಯಂ ಬಟರ್‌ಫೀಲ್ಡ್ ಎಂಬ ಶಿಲ್ಪಿ 1844–45ರಲ್ಲಿ ಗ್ಲಾಸ್ಟರ್‌ಷೈರಿನ ಕೋಲ್‌ಪಿಟ್ ಹೀತ್ ಎಂಬಲ್ಲಿ ಚರ್ಚಿನ ಜೊತೆಗೆ ಒಂದು ವಿಕಾರೇಜನ್ನು ಕಟ್ಟಿದ. ಕಿಟಕಿಯನ್ನು ಹೊರಗಿನ ಚೆಂದಕ್ಕೆ ಸಾಲಾಗಿ ಜೋಡಿಸದೆ ಒಳಗಿನ ಕೋಣೆಗೆ ಎಲ್ಲಿ ಬೇಕೋ ಅಲ್ಲಿ ತೆರೆದ. ಜಾರ್ಜ್ ಎಡ್ಮಂಡ್ ಸ್ಟ್ರೀಟ್ ಅದೇ ಜಾಡಿನಲ್ಲಿ ನಡೆದ. ಸ್ಟ್ರೀಟನ ಕಚೇರಿಯಲ್ಲಿ ದುಡಿದ ಫಿಲಿಪ್ ವೆಬ್ 1859ರಲ್ಲಿ ವಿಲಿಯಂ ಮಾರಿಸನಿಗಾಗಿ ‘ಕೆಂಪು ಮನೆ’ಯನ್ನು ಯೋಜಿಸಿದ. ಅಲ್ಲಿಂದ ಆಧುನಿಕ ಮನೆ ಹುಟ್ಟಿತು ಎಂದು ವಂಶಾವಳಿ. ಸುಳ್ಳಲ್ಲ. ಆದರೆ ಈ ವಂಶಾವಳಿಯಲ್ಲಿ ವಿಕಾರೇಜುಗಳು ಮತ್ತೊಬ್ಬರ ಮನೆಗೆ ಮೆಟ್ಟಿಲು ಮಾತ್ರ ಆಗಿಬಿಡುತ್ತವೆ. ಅಲ್ಲಿ ಯಾರು ಪಾತ್ರೆ ಬೆಳಗಿದರು, ಹಿತ್ತಿಲ ಮೆಟ್ಟಿಲನ್ನು ಯಾರು ಹತ್ತಿದರು ಎಂಬುದಕ್ಕೆ ಜಾಗವಿಲ್ಲ. ಶಿಲ್ಪಿಯ ಹೆಸರನ್ನು ಪೂಜಿಸುವವರೂ ಕವಿಯ ಹೆಸರನ್ನು ಪೂಜಿಸುವವರೂ ಈ ಮಟ್ಟಿಗೆ ಅಣ್ಣತಮ್ಮಂದಿರು.

ಹಾವರ್ತಿನ ಮನೆಗೆ ಇಂಥ ಶಿಲ್ಪಿಯ ಹೆಸರಿನ ಹಂಗಿಲ್ಲ. 1778–79ರಲ್ಲಿ ಕಟ್ಟಿದ್ದು. ಊರ ಕಲ್ಲು, ಎರಡು ಅಂತಸ್ತು, ನಡುವೆ ಬಾಗಿಲು, ಅತ್ತ ಎರಡು ಇತ್ತ ಎರಡು ಕಿಟಕಿ, ಮೇಲೆ ಐದು, ಗಾಳಿಗೆ ಹಾರದಂತೆ ಸೂರಿನ ಮೇಲೆ ಹೆಂಚಿನ ಬದಲು ಭಾರವಾದ ಕಲ್ಲುಹಲಗೆ. ಎದುರಿಗೆ ಪುಟ್ಟ ತೋಟ, ತೋಟದಾಚೆ ಸ್ಮಶಾನ, ಸ್ಮಶಾನದಾಚೆ ಚರ್ಚು. ವಿಕ್ಟೋರಿಯ ರಾಣಿ ಪಟ್ಟಕ್ಕೆ ಬಂದುದು 1837ರಲ್ಲಿ. ಆ ಹೊತ್ತಿಗೆ ಮನೆಗೆ ಅರುವತ್ತು ವರ್ಷ. ಆದರೆ ಒಳಗೆ ಕಾಲಿಟ್ಟು ಅಳತೆ ಹಿಡಿದರೆ, ನಾವು ಇಂದು ಕಾಣುವುದರಲ್ಲಿ ಬಹುಭಾಗ ವಿಕ್ಟೋರಿಯನ್ ಕಾಲದ ತಿದ್ದುಪಡಿ. ತಿದ್ದಿದವರು ಯಾರು? ವೇಡ್ ಒಬ್ಬನೇ ಅಲ್ಲ. ಮೊದಲು ಕೈ ಹಾಕಿದವಳು ಷಾರ್ಲೆಟ್ ಬ್ರಾಂಟೆ!

ಇಲ್ಲಿ ನಾನು ಸ್ವಲ್ಪ ನಿಧಾನವಾಗಿ ನಡೆಯುತ್ತೇನೆ, ಏಕೆಂದರೆ ಮಿತ್ರರ ಉಪನ್ಯಾಸವೆಲ್ಲ ನಿಂತಿರುವುದು ಈ ನೆಲದ ಮೇಲೆ.

‘ಜೇನ್ ಐರ್’ 1847ರಲ್ಲಿ, ‘ಷರ್ಲಿ’ 1849ರಲ್ಲಿ ಪ್ರಕಟವಾದ ಮೇಲೆ ಷಾರ್ಲೆಟ್ಟಳ ಕೈಯಲ್ಲಿ ನಾಲ್ಕು ಕಾಸು ಆಡಿತು. 1850ರಲ್ಲಿ ಆಕೆ ಮನೆಯ ಒಳಗೋಡೆಯನ್ನು ಸರಿಸಿದಳು. ಬಾಗಿಲಿನಿಂದ ಒಳಗೆ ಬಂದೊಡನೆ ಎಡಕ್ಕಿರುವ ಊಟದ ಕೋಣೆ ನಡುಮನೆಯ ಕಡೆಗೆ ಚಾಚಿಕೊಂಡು ಅಗಲವಾಯಿತು. ಅದರ ಮೇಲಿನ ಮಲಗುವ ಕೋಣೆಯೂ ಹಾಗೆಯೆ ಅಗಲವಾಯಿತು. ಅಷ್ಟು ಜಾಗ ಎಲ್ಲಿಂದಲಾದರೂ ಬರಬೇಕಷ್ಟೆ? ಕೆಳಗೆ ನಡುಮನೆ ಕಿರಿದಾಯಿತು. ಮೇಲೆ, ನಡುಮನೆಯ ನೆತ್ತಿಯ ಮೇಲಿದ್ದ ಪುಟ್ಟ ಕೋಣೆ ಇನ್ನೂ ಕಿರಿದಾಯಿತು. ಈ ಪುಟ್ಟ ಕೋಣೆಯಲ್ಲೇ ಮಕ್ಕಳು ಬಾಲ್ಯದಲ್ಲಿ ಆಟವಾಡಿ ಕಿರುಪುಸ್ತಕಗಳನ್ನು ಬರೆದುದು; ಅದು ತರುವಾಯ ಎಮಿಲಿಯ ಕೋಣೆಯಾಯಿತೆಂದು ಹೇಳುವುದುಂಟು. ನಮ್ಮ ಪ್ರವಾಸಿಗಳು ಅಲ್ಲಿ ನಿಂತು, ಅಯ್ಯೋ ಈ ಗೂಡಿನಲ್ಲಿ ಆ ಮಹಾಪ್ರತಿಭೆ ಹೇಗೆ ಹಿಡಿಸಿತು ಎಂದು ಕಣ್ಣೀರು ತರುತ್ತಾರೆ. ಆ ಇಕ್ಕಟ್ಟು ಎಮಿಲಿ ಕಂಡದ್ದಲ್ಲ. ಆಕೆ ಸತ್ತುದು 1848ರ ಡಿಸೆಂಬರ್ 19ರಂದು. ಗೋಡೆ ಒತ್ತಿಕೊಂಡು ಬಂದುದು ಆಮೇಲೆ.

ಊಟದ ಕೋಣೆಯ ಕಥೆಯೂ ಇದೇ. ಮಿತ್ರರು ಕೆಂಪು ಪರದೆಗಳ ಆ ಚೆಲುವಾದ ಕೋಣೆಯನ್ನು ತೋರಿಸಿ, ಇಲ್ಲಿಯೇ ಮೂವರೂ ರಾತ್ರಿ ಮೇಜಿನ ಸುತ್ತ ಸುತ್ತುತ್ತ ಕಥೆಗಳನ್ನು ಚರ್ಚಿಸುತ್ತಿದ್ದರು ಎಂದರು. ಸುತ್ತುತ್ತಿದ್ದುದು ದಿಟ. ಮೇಜೂ ದಿಟ: 1861ರ ಹರಾಜಿನಲ್ಲಿ ಹೊರಗೆ ಹೋದ ಆ ಮೇಜು 2015ರಲ್ಲಿ 5,80,000 ಪೌಂಡುಗಳ ನೆರವಿನಿಂದ ಮನೆಗೆ ಮರಳಿ ಬಂದಿದೆ, ಅದರ ಮೇಲೆ ಶಾಯಿಯ ಕಲೆ, ಮೇಣದಬತ್ತಿ ಸುಟ್ಟ ಗುರುತು, ಕೊರೆದ ಒಂದು ‘ಇ’ ಅಕ್ಷರ ಇವೆ. ಆದರೆ ಕೋಣೆ? 1833ರಲ್ಲಿ ಅತಿಥಿಯಾಗಿ ಬಂದ ಗೆಳತಿ ಎಲೆನ್ ನಸ್ಸಿ ಕಂಡದ್ದು ಪಾರಿವಾಳದ ಬೂದು ಬಣ್ಣ ಬಳಿದ ಗೋಡೆ. ಕಿಟಕಿಗೆ ಪರದೆಯೇ ಇರಲಿಲ್ಲ, ಏಕೆಂದರೆ ತಂದೆಗೆ ಬೆಂಕಿಯ ಭಯ. 1853ರಲ್ಲಿ ಬಂದ ಗ್ಯಾಸ್ಕೆಲ್ ಎಂಬಾಕೆ, ಮುಂದೆ ಷಾರ್ಲೆಟ್ಟಳ ಚರಿತ್ರೆಯನ್ನು ಬರೆದವಳು, ಕಂಡದ್ದು ಕೆಂಪು ಬಣ್ಣದ ಬೆಚ್ಚನೆಯ ಕೋಣೆಯನ್ನು. ಎರಡರ ನಡುವೆ ಇಪ್ಪತ್ತು ವರ್ಷ, ಎರಡು ಕಾದಂಬರಿಗಳ ಹಣ ಮತ್ತು ಮೂರು ಸಾವು. ಮ್ಯೂಸಿಯಂನವರು ಬಣ್ಣದ ಪದರಗಳನ್ನು ಪರೀಕ್ಷಿಸಿ 2013ರಲ್ಲಿ ಮತ್ತೆ ಅಲಂಕರಿಸಿದುದು 1850ರ ದಶಕದ ಮನೆಯನ್ನು. ಅವರು ಅದನ್ನು ಮುಚ್ಚಿಟ್ಟಿಲ್ಲ, ಕೇಳಿದವರಿಗೆಲ್ಲ ಹೇಳುತ್ತಾರೆ. ಕೇಳದವರು ನಾವು. ಆ ಕೆಂಪು ಪರದೆಯನ್ನು ಎಮಿಲಿ ನೋಡಲಿಲ್ಲ, ಆನ್ ನೋಡಲಿಲ್ಲ, ಬ್ರಾನ್‌ವೆಲ್ ನೋಡಲಿಲ್ಲ. ಅಲ್ಲಿ ತಿರುಗುತ್ತಿದ್ದವಳು ಒಬ್ಬಳೇ. ನನಗಂತೂ ಆ ಕೋಣೆಯಲ್ಲಿ ಇದನ್ನು ತಿಳಿದು ನಿಂತಾಗಲೇ ಗಂಟಲು ಕಟ್ಟಿದ್ದು. ಮೂವರ ಮೇಜಿನ ಸುತ್ತ ಅಗಲ ಮಾಡಿಕೊಂಡ ಜಾಗದಲ್ಲಿ ಒಬ್ಬಳು ನಡೆಯುವುದೆಂದರೇನು!

ಷಾರ್ಲೆಟ್ 1854ರ ಜೂನ್‌ನಲ್ಲಿ ನಿಕೋಲ್ಸನನ್ನು ಮದುವೆಯಾಗುವ ಮುನ್ನ ಊಟದ ಕೋಣೆಯ ಹಿಂದಿದ್ದ ಉಗ್ರಾಣವನ್ನು ಅವನಿಗೆ ಓದುವ ಕೋಣೆಯಾಗಿ ಮಾಡಿಸಿದಳು. ಇದು ಎರಡನೆಯ ತಿದ್ದುಪಡಿ. ಮಿತ್ರರ ತರ್ಕದಂತೆ ಮೊದಲಿನ ಮನೆ ಬೇಕಾದರೆ ಇದನ್ನೂ ಮುಚ್ಚಬೇಕು, ಸರಿಸಿದ ಗೋಡೆಯನ್ನೂ ಹಿಂದಕ್ಕೆ ನೂಕಬೇಕು, ಪರದೆ ಕಿತ್ತು ಬೂದು ಬಣ್ಣ ಬಳಿಯಬೇಕು. ಅದಕ್ಕೆ ಅವರು ಒಪ್ಪುವರೆ? ಒಪ್ಪಲಾರರು. ಷಾರ್ಲೆಟ್ ಕೆಡವಿದರೆ ಜೀವನಚರಿತ್ರೆ, ವೇಡ್ ಕಟ್ಟಿದರೆ ಕುರು!

ವೇಡ್ 1861ರಲ್ಲಿ ಬಂದು ಮೂವತ್ತೈದಕ್ಕೂ ಹೆಚ್ಚು ವರ್ಷ ಅಲ್ಲಿ ಪಾದ್ರಿಯಾಗಿದ್ದ. ಪ್ಯಾಟ್ರಿಕ್ ಬ್ರಾಂಟೆಯ ಕಾಲದಲ್ಲಿ ಆ ಊರು ಹೇಗಿತ್ತೆಂದು ನೆನೆಯಿರಿ. ನಮ್ಮ ಕಲ್ಪನೆಯಲ್ಲಿ ಹಾವರ್ತ್ ಎಂದರೆ ನಿರ್ಜನವಾದ ಬೆಟ್ಟ, ಗಾಳಿ, ಒಂಟಿ ಮನೆ. ಬೆಟ್ಟದ ಬಯಲು ಮನೆಯ ಹಿಂದಿತ್ತು; ಮನೆಯ ಮುಂದಿದ್ದುದು ಉಣ್ಣೆಯ ಗಿರಣಿಗಳ ಇಕ್ಕಟ್ಟಾದ ಊರು. 1850ರಲ್ಲಿ ಬೆಂಜಮಿನ್ ಹರ್ಷೆಲ್ ಬ್ಯಾಬೇಜ್ ಎಂಬ ಅಧಿಕಾರಿ ಸರಕಾರಕ್ಕೆ ಕೊಟ್ಟ ವರದಿಯಲ್ಲಿ ಅಲ್ಲಿ ಸತ್ತವರ ಸರಾಸರಿ ವಯಸ್ಸು 25.8 ವರ್ಷ, ನೂರಕ್ಕೆ 41.6ರಷ್ಟು ಜನ ಆರು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. ಚರಂಡಿಯಿಲ್ಲ, ಶುದ್ಧವಾದ ನೀರಿಲ್ಲ, ಹೆಣಗಳಿಂದ ತುಂಬಿ ತುಳುಕುವ ಸ್ಮಶಾನ. ಈ ತನಿಖೆ ನಡೆಯಬೇಕೆಂದು ಅರ್ಜಿ ಬರೆದು ಹೋರಾಡಿದವನು ಪ್ಯಾಟ್ರಿಕ್ ಬ್ರಾಂಟೆಯೇ. ಇಂದು ಸ್ಮಶಾನದ ಮೇಲೆ ನೆರಳು ಚೆಲ್ಲಿರುವ ಎತ್ತರದ ಮರಗಳು, ಮಿತ್ರರು ‘ಬ್ರಾಂಟೆಯರ ವಿಷಾದವನ್ನು ಕಂಡ ಮರಗಳು’ ಎಂದವಲ್ಲ, ಅವೂ ಆ ಕುಟುಂಬದ ಕಾಲದಲ್ಲಿ ಇರಲಿಲ್ಲ. ಆಮೇಲೆ ನೆಟ್ಟವು. ಹಳೆಯ ಚಿತ್ರದಲ್ಲಿ ಮನೆ ಬೋಳು ಕಲ್ಲುಗಳ ಮುಂದೆ ಬೋಳಾಗಿ ನಿಂತಿದೆ.

1867ರಲ್ಲಿ ಹಾವರ್ತಿಗೆ ರೈಲು ಬಂತು. (ಆ ದಾರಿಯಲ್ಲಿ ಇಂದಿಗೂ ಹಬೆಯ ಬಂಡಿ ಓಡುತ್ತದೆ, ನಾನು ಅದರಲ್ಲೇ ಹೋದೆ, ಕಣ್ಣಿಗೆ ಕಲ್ಲಿದ್ದಲ ಕಸ ಬಿತ್ತು.) 1870ರ ದಶಕದಲ್ಲಿ ವೇಡ್ ಮನೆಯ ಬಡಗಣ ಪಕ್ಕಕ್ಕೆ ಎತ್ತರವಾದ ತ್ರಿಕೋನದ ಮುಖವುಳ್ಳ ರೆಕ್ಕೆಯನ್ನು ಕಟ್ಟಿಸಿದ. ಹಳೆಯ ಮನೆ ತೂಗುತಕ್ಕಡಿಯಂತೆ ಸಮ. ಹೊಸದು ಆ ಸಮತೆಗೆ ಒಂದಿಷ್ಟೂ ಲಕ್ಷ್ಯ ಕೊಡಲಿಲ್ಲ. ಚೆಂದವಾಗಿದೆಯೆಂದು ನಾನೂ ಹೇಳಲಾರೆ. ಆದರೆ ಅದು ಸುಳ್ಳು ಹೇಳುವುದಿಲ್ಲ. 1778ರ ವೇಷ ಹಾಕಿಕೊಂಡು ನಿಂತಿಲ್ಲ. ನಾನು ವಿಕ್ಟೋರಿಯಳ ಕಾಲದವನು, ನನಗೆ ದೊಡ್ಡ ಊಟದ ಕೋಣೆ ಬೇಕಾಗಿತ್ತು ಎಂದು ನೇರವಾಗಿ ಹೇಳುತ್ತದೆ. ಹುದ್ದೆಯ ಮನೆಯಲ್ಲಿ ಹುದ್ದೆಯವನು ತನ್ನ ಕಾಲಕ್ಕೆ ಬೇಕಾದುದನ್ನು ಕಟ್ಟಿಕೊಂಡ. ಅವನಿಗೂ ಸಂಸಾರವಿತ್ತು. ಅವನು ಬಂದಿದ್ದುದು ಊರಿನ ಪಾದ್ರಿಯಾಗಿ, ಸಾಹಿತ್ಯ ಮಂದಿರದ ಪೂಜಾರಿಯಾಗಿ ಅಲ್ಲ. ದಿನವೂ ಬಾಗಿಲು ತಟ್ಟಿ ಷಾರ್ಲೆಟ್ ಮಲಗಿದ ಕೋಣೆ ತೋರಿಸಿ ಎನ್ನುವ ಯಾತ್ರಿಕರೊಡನೆ ಅವನು ಹೇಗೆ ಏಗಿದನೋ!

ಹಾಗೆಂದು ಅವನನ್ನು ಪೂರ್ತಿ ಖುಲಾಸೆ ಮಾಡಲೂ ನಾನು ಸಿದ್ಧನಿಲ್ಲ. 1879ರಲ್ಲಿ ಅವನು ಹಳೆಯ ಚರ್ಚನ್ನು, ಗೋಪುರವೊಂದನ್ನು ಬಿಟ್ಟು, ಕೆಡವಿಸಿ 1881ರ ಹೊತ್ತಿಗೆ ಹೊಸದನ್ನು ಎಬ್ಬಿಸಿದ. ಪ್ಯಾಟ್ರಿಕ್ ನಾಲ್ವತ್ತು ವರ್ಷ ನಿಂತು ಬೋಧಿಸಿದ ಒಳಾಂಗಣ ಹೋಯಿತು. ವಿರೋಧ ಬಂತು, ಅವನು ಕೇಳಲಿಲ್ಲ. ಅದೇ ಸುಮಾರಿಗೆ, 1877ರಲ್ಲಿ, ವಿಲಿಯಂ ಮಾರಿಸ್ ಫಿಲಿಪ್ ವೆಬ್ ಮೊದಲಾದವರೊಡನೆ ಕೂಡಿ ಪ್ರಾಚೀನ ಕಟ್ಟಡಗಳ ರಕ್ಷಣೆಗೆ ಒಂದು ಸಂಘವನ್ನು ಸ್ಥಾಪಿಸಿದ್ದ. ಕಟ್ಟಡವೊಂದಕ್ಕೆ ಕಾಲಕಾಲಕ್ಕೆ ಸೇರಿದ ಭಾಗಗಳನ್ನು ಹೆರೆದು ಹಾಕಿ ಒಂದು ಕಲ್ಪಿತ ಮೂಲರೂಪಕ್ಕೆ ಮರಳಿಸುವುದು ರಕ್ಷಣೆಯಲ್ಲ, ನಾಶ ಎಂಬುದು ಆ ಸಂಘದ ಹಟ. ಚರ್ಚನ್ನು ಕೆಡವಿದ ವೇಡ್ ಈ ಮಾತಿನಂತೆ ಅಪರಾಧಿ. ಅವನ ರೆಕ್ಕೆಯನ್ನು ಕೆಡವಬೇಕೆನ್ನುವ ನನ್ನ ಮಿತ್ರರೂ ಅದೇ ಕಟಕಟೆಯಲ್ಲಿ ಅವನ ಪಕ್ಕದಲ್ಲೇ ನಿಲ್ಲಬೇಕಾಗುತ್ತದೆ. ಇಬ್ಬರಿಗೂ ಈ ಸಹವಾಸ ಹಿಡಿಸಲಾರದು.

ರೆಕ್ಕೆಯ ವಿಷಯದಲ್ಲಿ ವೇಡನ ಮೇಲೆ ನಿಜವಾಗಿ ಹೊರಿಸಬೇಕಾದ ಆರೋಪ ಒಂದಿದೆ. ಅದನ್ನು ಮಿತ್ರರು ಎತ್ತಲೇ ಇಲ್ಲ. ಮುಂಭಾಗದ ಚಿತ್ರದಲ್ಲಿ ಅದು ಕಾಣುವುದಿಲ್ಲ. ಪ್ಯಾಟ್ರಿಕ್ಕನ ಓದುಕೋಣೆಯ ಹಿಂದೆ ಅಡುಗೆಮನೆ. ಅದಕ್ಕೂ ಹಿಂದೆ ಬಟ್ಟೆ ಒಗೆಯುವ, ಒರಟು ಕೆಲಸಗಳೆಲ್ಲ ನಡೆಯುವ ಒಂದು ಹಿತ್ತಿಲ ಅಡುಗೆಮನೆ. ರೆಕ್ಕೆ ಬಂದಾಗ ಈ ಹಿತ್ತಿಲ ಅಡುಗೆಮನೆಯನ್ನು ಕೆಡವಿದರು. ಮುಂದಿನ ಅಡುಗೆಮನೆ ಹೊಸ ಭಾಗಕ್ಕೆ ಹೋಗುವ ಓಣಿಯಾಯಿತು.

ಆ ಒಲೆಯ ಮುಂದೆ ಇದ್ದವಳು ಟ್ಯಾಬಿ, ಪೂರ್ತಿ ಹೆಸರು ಟಾಬಿಥಾ ಐಕ್ರಾಯ್ಡ್. 1824ರ ಸುಮಾರಿಗೆ ಬಂದವಳು, ನಡುವೆ ಕೆಲವು ವರ್ಷ ಬಿಟ್ಟರೆ 1855ರಲ್ಲಿ ಸಾಯುವವರೆಗೂ ಆ ಮನೆಯವಳು. 1836ರಲ್ಲಿ ಮಂಜಿನ ಮೇಲೆ ಜಾರಿ ಕಾಲು ಮುರಿದುಕೊಂಡಾಗ ಅವಳನ್ನು ಕಳಿಸಿಬಿಡೋಣವೆಂದು ಮನೆಯ ದೊಡ್ಡಮ್ಮ ಹೇಳಿದರೆ, ಹುಡುಗಿಯರು ಊಟ ಬಿಟ್ಟು ಕೂತು ಅವಳನ್ನು ಉಳಿಸಿಕೊಂಡರು. ಯಾರ್ಕ್‌ಷೈರಿನ ಆಡುನುಡಿಯೂ ಊರ ಹಳೆಯ ಕಥೆಗಳೂ ಮಕ್ಕಳ ಕಿವಿಗೆ ಬಿದ್ದುದು ಅವಳ ಬಾಯಿಂದ. ‘ವುದರಿಂಗ್ ಹೈಟ್ಸ್’ ಕಥೆಯನ್ನು ಹೇಳುವವಳು ಒಬ್ಬ ಮನೆಗೆಲಸದಾಕೆ ಎಂಬುದನ್ನು ನಾವು ತರಗತಿಯಲ್ಲಿ ‘ನಿರೂಪಣಾ ತಂತ್ರ’ ಎಂದು ಹೇಳಿ ಮುಂದಕ್ಕೆ ಹೋಗುತ್ತೇವೆ. 1834ರ ನವೆಂಬರ್ 24ರಂದು ಎಮಿಲಿ ಮತ್ತು ಆನ್ ಬರೆದಿಟ್ಟ ಒಂದು ಚೀಟಿ ಉಳಿದುಬಂದಿದೆ. ಸೇಬು ಸುಲಿಯುವುದು, ಟ್ಯಾಬಿ ಆಲೂಗಡ್ಡೆ ಸುಲಿಯಲು ಕರೆಯುವುದು, ತಾವು ಕಟ್ಟಿದ ಕಲ್ಪನಾ ದ್ವೀಪದ ಸುದ್ದಿ ಎಲ್ಲವೂ ಒಂದೇ ಉಸಿರಿನಲ್ಲಿ ಅದರಲ್ಲಿ ಬರುತ್ತವೆ. ದೊಡ್ಡವಳಾದ ಮೇಲೆಯೂ ಎಮಿಲಿ ಜರ್ಮನ್ ಪುಸ್ತಕವನ್ನು ಮುಂದೆ ನಿಲ್ಲಿಸಿಕೊಂಡು ಹಿಟ್ಟು ನಾದುತ್ತಿದ್ದಳೆಂದು ಗ್ಯಾಸ್ಕೆಲ್ ಹೇಳುತ್ತಾಳೆ. ಇಂಥ ಅಡುಗೆಮನೆಯ ಬೆನ್ನಿನ ಕೋಣೆ, ಟ್ಯಾಬಿಯೂ ಆಮೇಲೆ ಬಂದ ಮಾರ್ತಾ ಬ್ರೌನಳೂ ಮೈ ಮುರಿದು ದುಡಿದ ಕೋಣೆ, ನೆಲಸಮವಾಯಿತು. ಸಮತೆ ಕೆಟ್ಟಿತೆಂದು ಅಳುವವರು ಇದಕ್ಕೆ ಒಂದು ಹನಿ ಕಣ್ಣೀರನ್ನೂ ಹಾಕಲಿಲ್ಲ.

ಇನ್ನು ಮಿತ್ರರ ಚಿತ್ರದಲ್ಲಿ ಕಂಡ ಅಡುಗೆಮನೆ. ಒಲೆ, ಮೇಜು, ಗೋಡೆಗೆ ತಟ್ಟೆಗಳ ಸಾಲು. ಹುಡುಗಿಯರು ಈಗತಾನೆ ಎದ್ದು ಹೋದಂತಿದೆ ಎಂದರು ಅವರು. ಮೊದಲಿನ ಅಡುಗೆಮನೆ ವೇಡನ ಕಾಲದಲ್ಲೇ ಓಣಿಯಾಗಿತ್ತೆಂದು ಹೇಳಿದೆನಷ್ಟೆ? ಸರ್ ಜೇಮ್ಸ್ ರಾಬರ್ಟ್ಸ್ ಎಂಬ ಆ ಊರವನೇ ಆದ ಗಿರಣಿಯ ಒಡೆಯ ಮನೆಯನ್ನು ಕೊಂಡು ಬ್ರಾಂಟೆ ಸಂಘಕ್ಕೆ ಒಪ್ಪಿಸಿ, ಅದು 1928ರಲ್ಲಿ ಮ್ಯೂಸಿಯಂ ಆಗಿ ತೆರೆದಾಗಲೂ ಅದು ಹಳೆಯ ಅಡುಗೆಮನೆಯಾಗಿರಲಿಲ್ಲ. ಇಂದು ಕಾಣುವ ಅಡುಗೆಮನೆಯನ್ನು 1950ರ ದಶಕದ ಕೊನೆಯಲ್ಲಿ ಸಂಘದವರು ಮತ್ತೆ ರೂಪಿಸಿದರು. ಪ್ರಾಮಾಣಿಕವಾದ ಕೆಲಸ, ನಾನು ಅದನ್ನು ಹಳಿಯುತ್ತಿಲ್ಲ. ಆದರೆ ಲೆಕ್ಕ ನೋಡಿ. ಮಿತ್ರರು ‘ಮೂಲ’ವೆಂದು ಕೈಮುಗಿದ ಅಡುಗೆಮನೆಗೆ ಎಪ್ಪತ್ತು ವರ್ಷವೂ ತುಂಬಿಲ್ಲದಿರಬಹುದು. ‘ಪ್ರಕ್ಷಿಪ್ತ’ವೆಂದು ಕೆಡವಲು ಹೊರಟ ರೆಕ್ಕೆಗೆ ನೂರೈವತ್ತು ಸಮೀಪಿಸುತ್ತಿದೆ! ಗ್ರಂಥಸಂಪಾದನೆಯ ಪರೀಕ್ಷೆಯಲ್ಲಿ ನನ್ನ ವಿದ್ಯಾರ್ಥಿಯೊಬ್ಬ ಹಳೆಯ ಪ್ರತಿಯ ಪಾಠವನ್ನು ಹೊಡೆದುಹಾಕಿ ಸಂಪಾದಕನ ಊಹೆಯ ಪಾಠವನ್ನು ಮೂಲವೆಂದು ಬರೆದಿದ್ದರೆ ನಾನು ಎಷ್ಟು ಅಂಕ ಕೊಡುತ್ತಿದ್ದೆ ಎಂಬುದನ್ನು ವಾಚಕರೇ ಊಹಿಸಬಹುದು.

ಇಷ್ಟು ಕಟುವಾಗಿ ಬರೆಯಬೇಕಿತ್ತೆ ಎಂದು ಪ್ರೂಫ್ ಓದಿದ ನನ್ನ ಮನೆಯಾಕೆ ಕೇಳಿದಳು. ಉಪನ್ಯಾಸವಾದ ಮೇಲೆ ಕಾರಿಡಾರಿನಲ್ಲಿ ಎರಡನೆಯ ಬಿ.ಎ.ದ ಒಬ್ಬ ಹುಡುಗಿ ನನ್ನನ್ನು ನಿಲ್ಲಿಸಿ, “ಸಾರ್, ಆ ಮನೆಯಲ್ಲಿ ಕೆಲಸದವರು ಎಲ್ಲಿ ಮಲಗುತ್ತಿದ್ದರು? ಸ್ಲೈಡಿನಲ್ಲಿ ತೋರಿಸಲಿಲ್ಲ” ಎಂದಳು. ಆಕೆಯ ತಾಯಿ ನಾಲ್ಕು ಮನೆಗಳಲ್ಲಿ ಕೆಲಸ ಮಾಡುತ್ತಾಳೆಂಬುದು ನನಗೆ ಗೊತ್ತು. ಆ ಪ್ರಶ್ನೆ ಕೇಳಿಸದೆ ಹೋಗಿದ್ದರೆ ನಾನು ಈ ಲೇಖನಕ್ಕೆ ಕೈ ಹಾಕುತ್ತಿರಲಿಲ್ಲವೇನೋ. ಮೇಲಂತಸ್ತಿನ ಹಿಂಭಾಗದಲ್ಲಿ ಒಂದು ಕೋಣೆ ಇದೆ, ಅಲ್ಲಿ ಎಂದೆ. ಅದಕ್ಕೆ ಕಿಟಕಿ ಇದೆಯೇ ಎಂದು ಕೇಳಿದಳು.

ಮಿತ್ರರು ಮುಂದಿನ ತಿಂಗಳು ಇದೇ ಉಪನ್ಯಾಸವನ್ನು ಮತ್ತೊಂದು ಕಾಲೇಜಿನಲ್ಲಿ ಮಾಡುವವರಿದ್ದಾರೆ. ಹಾವರ್ತಿನಲ್ಲಿ ಎರಡನೆಯ ದಿನ ತುಂತುರು ಮಳೆಯಲ್ಲಿ ನಿಂತು ನಾನು ತೆಗೆದ ಒಂದು ಚಿತ್ರ ನನ್ನ ಬಳಿ ಇದೆ: ಬಡಗಣ ಮೂಲೆ, ಹಳೆಯ ಗೋಡೆಗೆ ವೇಡನ ಗೋಡೆ ಬಂದು ತಾಗಿರುವ ಜಾಗ. ಚಿತ್ರ ಅಷ್ಟೇನೂ ಸ್ಪಷ್ಟವಾಗಿಲ್ಲ. ಅವರು ಬೇಕೆಂದರೆ ಕೊಡುತ್ತೇನೆ.